ಮುಟ್ಟದ ಪಾದ

ನ್ಯಾಮತಿಯಲ್ಲಿ ಕೊಟ್ರಯ್ಯನಿಗೆ ಎರಡು ಹೆಸರಿದ್ದವು. ಅಂಗಿ, ಚಡ್ಡಿ, ಕುಪ್ಪಸ ಹೊಲಿಸಲು ಬಂದವರಿಗೆ ಅವನು ದರ್ಜಿ ಕೊಟ್ರಯ್ಯ. ಮನೆಯಲ್ಲಿ ಹೆರಿಗೆಯೋ ಮದುವೆಯೋ ಸಾವೋ ಆದವರಿಗೆ ಅಯ್ನೋರು. ಹಿಂದಿನ ದಿನ ತೋಳು ಗಿಡ್ಡವಾಯಿತೆಂದು ಅವನ ಜಗಲಿಯ ಮೇಲೆ ನಿಂತು ಕೂಗಾಡಿ ಹೋದ ಮನುಷ್ಯನೇ ಮರುದಿನ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಕೈಮುಗಿದು, ಸೊಸೆ ಹಡೆದಿದ್ದಾಳೆ, ಕೂಸಿಗೆ ಲಿಂಗ ಕಟ್ಟಲು ದಯಮಾಡಿಸಬೇಕು ಎಂದು ನಿಲ್ಲುತ್ತಿದ್ದ. ಇದರಲ್ಲಿ ಊರವರಿಗೆ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಅಯ್ಯನಾದವನು ಅಯ್ಯ, ದರ್ಜಿಯಾದವನು ದರ್ಜಿ. ಒಂದೇ ಮೈಯಲ್ಲಿ ಇಬ್ಬರೂ ಇದ್ದರೆ ಏನು ಕಷ್ಟ? ಕಷ್ಟವಿದ್ದದ್ದು ಆ ಮೈಯ ಒಡೆಯನಿಗೆ. ಯಾಕೆಂದರೆ ಅಯ್ಯನಾಗುವುದಕ್ಕೆ ಮೊದಲೇ, ಯಾರಿಗೂ ಗೊತ್ತಾಗದ ಹಾಗೆ, ಅವನ ನಂಬಿಕೆ ಹೋಗಿಬಿಟ್ಟಿತ್ತು.

ಹೋದದ್ದು ಜಗಳೂರಿನಲ್ಲಿ. ಅವನದು ಜಂಗಮರ ಮನೆ. ತಲೆತಲಾಂತರದಿಂದ ನ್ಯಾಮತಿಯ ಲಿಂಗವಂತರ ಮನೆಗಳಿಗೆ ಅಯ್ಯತನ ಮಾಡಿಕೊಂಡು ಬಂದವರು. ಆದರೆ ಅಯ್ಯತನ ಅಣ್ಣ ಹಾಲಯ್ಯನ ಪಾಲಿಗೆ ಬಂದಿದ್ದರಿಂದ ತಮ್ಮ ಕೊಟ್ರಯ್ಯ ಹೊಲಿಗೆ ಕಲಿತು, ಜಗಳೂರು ಪೇಟೆಯಲ್ಲಿ ಒಂದು ಮಿಷನ್ ಇಟ್ಟುಕೊಂಡು ಹೆಂಡತಿಯೊಂದಿಗೆ ನೆಲೆ ನಿಂತಿದ್ದ. ಅಲ್ಲಿ ಒಂದು ಚಳಿಗಾಲದ ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತ. ಚಿಕ್ಕಂದಿನಿಂದ ಹಾಗೆ ಕೂತಾಗಲೆಲ್ಲ ಏನೋ ಒಂದು ಬರುತ್ತಿತ್ತು. ಮೈ ಸಡಿಲವಾಗುತ್ತಿತ್ತು, ಯಾರೋ ತನ್ನನ್ನು ನೋಡುತ್ತಿದ್ದಾರೆ, ಹೆದರಬೇಕಾಗಿಲ್ಲ ಎನ್ನುವ ಧೈರ್ಯ ಬರುತ್ತಿತ್ತು. ಅವತ್ತು ಅದು ಬರಲಿಲ್ಲ. ನಿದ್ದೆ ಸಾಲದೆ ಹೀಗಾಯಿತು ಎಂದುಕೊಂಡ. ಮರುದಿನವೂ ಬರಲಿಲ್ಲ. ಹಬ್ಬ ಬಂತು, ಸೋಮವಾರಗಳು ಬಂದವು, ಅದು ಬರಲಿಲ್ಲ. ಅಂಗೈಯಲ್ಲಿ ನುಣ್ಣಗಿನ ಕರಿಯ ಕಲ್ಲೊಂದು ಇರುತ್ತಿತ್ತು, ಅವನು ಅದನ್ನು ನೋಡುತ್ತ ಇರುತ್ತಿದ್ದ, ಅಷ್ಟೇ.

ದೊಡ್ಡ ಕಾರಣವೊಂದು ಇದ್ದಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತೋ ಏನೋ. ಮಗ ಸತ್ತನೆಂದು ದೇವರ ಮೇಲೆ ಸಿಟ್ಟಾದವರನ್ನು ಅವನು ಕಂಡಿದ್ದ. ಅವರ ಸಿಟ್ಟಿಗೆ ಎದುರಿಗೆ ಒಬ್ಬ ದೇವರಾದರೂ ಇದ್ದ. ಇವನಿಗೆ ಜಗಳವಾಡಲು ಕೂಡ ಯಾರೂ ಇರಲಿಲ್ಲ. ಹೇಳಿಕೊಳ್ಳುವುದಾದರೂ ಯಾರ ಹತ್ತಿರ? ಲಿಂಗಪೂಜೆ ಮಾಡದೆ ತುತ್ತು ಮುಟ್ಟದ ಮನೆತನ. ಹೆಂಡತಿ ಅನ್ನಪೂರ್ಣಮ್ಮ, ಚನ್ನಗಿರಿ ಕಡೆಯ ನಲ್ಲೂರಿನವಳು, ಬಾಯಿ ಸ್ವಲ್ಪ ಜೋರು. ಗಂಡ ಪೂಜೆಗೆ ಕೂತದ್ದನ್ನು ನೋಡಿ, ಕತ್ತರಿ ತಪ್ಪಿದ ಬಟ್ಟೆಯನ್ನು ನೋಡಿದ ಹಾಗೆ ನೋಡ್ತೀರಲ್ಲ ಎಂದು ಒಮ್ಮೆ ನಗಾಡಿದಳು. ಅವನೂ ನಕ್ಕ. ಪೂಜೆ ಬಿಡಲಿಲ್ಲ. ಬಿಟ್ಟರೆ ಯಾಕೆ ಬಿಟ್ಟೆ ಎಂದು ಹೇಳಬೇಕಾಗುತ್ತಿತ್ತು.

ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅಣ್ಣ ಹಾಲಯ್ಯ ವಾಂತಿಭೇದಿಯಾಗಿ ಹೋದ. ಗಂಡುಮಕ್ಕಳಿರಲಿಲ್ಲ. ಸುದ್ದಿ ಕೇಳಿ ಬಂದ ಕೊಟ್ರಯ್ಯ ಅಣ್ಣನ ಕ್ರಿಯೆ ಮುಗಿಸಿ ಜಗಳೂರಿಗೆ ಹೊರಡುವುದರೊಳಗೆ ಊರ ಹಿರಿಯ, ಅಡಿಕೆ ವ್ಯಾಪಾರದ ಮಹೇಶ್ವರಪ್ಪ, ನಾಲ್ಕು ಜನರನ್ನು ಕರೆದುಕೊಂಡು ಮನೆಗೆ ಬಂದ. ಊರು ಅಯ್ಯನಿಲ್ಲದೆ ಇರಬಾರದು, ಹೊನ್ನಾಳಿಯ ಮಠಕ್ಕೆ ಹೋಗಿ ಸ್ವಾಮಿ ಬುದ್ಧಿಯವರ ಮುಂದೆ ಮಾತಾಡಿದ್ದೇವೆ, ತಮ್ಮನನ್ನೇ ಕರೆಸಿ ಎಂದು ಅಪ್ಪಣೆಯಾಗಿದೆ ಎಂದ. ಕೊಟ್ರಯ್ಯ ಬಾಯಿ ತೆರೆಯುವ ಮೊದಲೇ ಗಾಡಿ ಕಟ್ಟಲು ಹೇಳಿಯೂ ಆಗಿತ್ತು.

ಗಾಡಿಯಲ್ಲಿ ಕೂತು ಹೊನ್ನಾಳಿ ಮುಟ್ಟುವವರೆಗೂ ಅವನು ಮನಸ್ಸಿನಲ್ಲೇ ಮಾತು ಜೋಡಿಸಿದ. ಒಲ್ಲೆ ಎನ್ನಬೇಕು. ಆದರೆ ಮಠದ ಪಡಸಾಲೆಯಲ್ಲಿ, ಆ ಜನರ ನಡುವೆ, ಒಲ್ಲೆ ಎನ್ನುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ನಾನು ಇದಕ್ಕೆ ತಕ್ಕವನಲ್ಲ ಎಂದ. ಮುದುಕ ಸ್ವಾಮಿಗಳು ನಕ್ಕು, ತಕ್ಕವನು ಎಂದು ಹೇಳಿಕೊಂಡು ಬಂದವನನ್ನು ನಾವು ಬಾಗಿಲಿನಿಂದಲೇ ಕಳಿಸಿಬಿಡುತ್ತೇವೆ ಎಂದರು. ನನ್ನ ಪೂಜೆಯಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದ. ಹಿರಿಯರೆಲ್ಲ ತಲೆದೂಗಿದರು, ಎಂಥ ವಿನಯ ಎನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಹಿಂಜರಿದಷ್ಟೂ ಅವನ ಬೆಲೆ ಏರುತ್ತ ಹೋಯಿತು. ಅಯ್ಯತನಕ್ಕೆ ಕರೆದಾಗ ಮೂರು ಸಲ ಬೇಡ ಎನ್ನುವುದು ಆ ಕಡೆಯ ಮರ್ಯಾದೆ. ಬೇಡ ಎನ್ನುವವನ ಬಾಯಲ್ಲಿ ನಿಜವಾದ ಬೇಡ ಇದ್ದರೆ ಅದನ್ನು ತೂಗುವ ತಕ್ಕಡಿ ಯಾರ ಹತ್ತಿರವೂ ಇರಲಿಲ್ಲ. ಉಳಿದಿದ್ದು ಒಂದೇ ದಾರಿ: ನನಗೆ ನಂಬಿಕೆ ಇಲ್ಲ ಎಂದು ನೆಟ್ಟಗೆ ಹೇಳಿಬಿಡುವುದು.

ಅದನ್ನು ಹೇಳಲೆಂದೇ ಅವನು ತಲೆಯೆತ್ತಿದ. ಕಂಬದ ಪಕ್ಕದಲ್ಲಿ, ಗಾಡಿಯಲ್ಲಿ ಜೊತೆಗೆ ಬಂದಿದ್ದ ಅವನ ತಾಯಿ ಸಿದ್ದಲಿಂಗಮ್ಮ ಕೂತಿದ್ದಳು. ಹಿರಿಯ ಮಗ ಸತ್ತಾಗಿನಿಂದ ಆಕೆ ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಈಗ ಇವನ ಮುಖವನ್ನೇ ನೋಡುತ್ತಿದ್ದಳು.

"ಊರು ಕರೆದೈತೆ ಕೊಟ್ರಯ್ಯ. ಓ ಅನ್ನು" ಎಂದರು ಸ್ವಾಮಿಗಳು.

ಅವನು ಆಗಲಿ ಬುದ್ಧಿ ಎಂದ. ಎಂದ ಮೇಲೆ ಮುಗಿಯಿತು. ಬೆತ್ತ ಕೊಟ್ಟರು, ಹೆಗಲಿಗೆ ಜೋಳಿಗೆ ಹಾಕಿದರು. ಬೆತ್ತ ಹಿಡಿದವನಿಗೆ ಮೊದಲು ಮನೆಯವರೇ ಅಡ್ಡಬೀಳಬೇಕು, ಅದು ಪದ್ಧತಿ. ಸಿದ್ದಲಿಂಗಮ್ಮ ಎದ್ದು ಬಂದು ಮಗನ ಪಾದಕ್ಕೆ ಬಾಗಿದಳು. ಅವನ ಕಾಲು ತಾನಾಗಿಯೇ ಹಿಂದಕ್ಕೆ ಸರಿಯಿತು. ಆಕೆ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದು, ಪಾದಕ್ಕೆ ಹಣೆ ಮುಟ್ಟಿಸಿಯೇ ಎದ್ದಳು. "ಬರ್ರಿ ಅಯ್ನೋರೇ, ಊರಿಗೆ ಹೋಗಾಣ" ಎಂದಳು. ಹುಟ್ಟಿದಾಗಿನಿಂದ ಕೊಟ್ರಾ ಎಂದು ಕರೆದ ಬಾಯಿ ಅದು. ಕೊಟ್ರಯ್ಯನಿಗೆ ಕಳ್ಳತನ ಮಾಡಿ ಸಿಕ್ಕಿಬೀಳದೆ ಉಳಿದವನ ಹಾಗೆ ನಾಚಿಕೆಯಾಯಿತು.

ಜಗಳೂರಿನಿಂದ ಮಿಷನ್ ಬಂತು, ಹೆಂಡತಿ ಬಂದಳು. ಜಗಲಿಯ ಮೇಲೆ ಹೊಲಿಗೆ, ಕರೆ ಬಂದಾಗ ಅಯ್ಯತನ. ಮೊದಮೊದಲು ಅವನು ಹೆದರಿದಷ್ಟು ಕಷ್ಟವೇನೂ ಆಗಲಿಲ್ಲ. ಕೂಸಿಗೆ ಲಿಂಗ ಕಟ್ಟುವಾಗ ಆ ಬೆಚ್ಚಗಿನ ಸಣ್ಣ ಮೈಯನ್ನು ಮಡಿಲಲ್ಲಿ ಹಿಡಿದುಕೊಂಡರೆ ಸುಖವಾಗುತ್ತಿತ್ತು. ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ಇಬ್ಬರೂ ಚೆನ್ನಾಗಿರಲಿ ಎಂದು ಮನಸಾರೆ ಅನ್ನಿಸುತ್ತಿತ್ತು. ಅದಕ್ಕೆ ದೇವರ ಸಾಕ್ಷಿ ಬೇಕೇಬೇಕು ಎಂದೇನೂ ಇರಲಿಲ್ಲ. ಹೇಳಿದ ಹೊತ್ತಿಗೆ ಹೋಗುತ್ತಿದ್ದ, ಮಂತ್ರವನ್ನು ನುಂಗದೆ ಬಿಡಿಬಿಡಿಯಾಗಿ ಹೇಳುತ್ತಿದ್ದ, ಬಡವರ ಮನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತು ಬರುತ್ತಿದ್ದ. ಒಳಗೆ ಏನೂ ಇಲ್ಲದವನು ಹೊರಗಿನದನ್ನಾದರೂ ನೆಟ್ಟಗೆ ಮಾಡಬೇಕಲ್ಲ. ಹಾಲಯ್ಯನೋರಿಗಿಂತ ಈ ಅಯ್ನೋರೇ ಒಂದು ತೂಕ ಹೆಚ್ಚು ಎಂದು ಜನ ಆಡಿಕೊಳ್ಳತೊಡಗಿದರು.

ಕಷ್ಟ ಬಂದದ್ದು ಮೊದಲ ಸಾವಿನಲ್ಲಿ. ಆ ಜನರಲ್ಲಿ ಸತ್ತವರನ್ನು ಮೀಯಿಸಿ, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಅಂಗೈಯಲ್ಲಿ ಅವರ ಲಿಂಗ, ತಲೆಯ ಮೇಲೆ ಬಿಲ್ವಪತ್ರೆ ಮತ್ತು ಹೂವು. ಆಗ ಊರಿನ ಅಯ್ಯ ಪಕ್ಕದಲ್ಲಿ ಹಾಕಿದ ಎತ್ತರದ ಮಣೆಯ ಮೇಲೆ ನಿಂತು, ಬೆತ್ತ ಊರಿ, ತನ್ನ ಬಲಪಾದವನ್ನು ಆ ತಲೆಯ ಮೇಲೆ ಇಟ್ಟು ಮಂತ್ರ ಹೇಳಬೇಕು. ಆ ಹೊತ್ತಿನಲ್ಲಿ ಅದು ಅಯ್ಯನ ಕಾಲಲ್ಲ, ಶಿವನ ಪಾದ. ಆ ಪಾದದ ಕೆಳಗಿನಿಂದ ಹೋದವರಿಗೆ ಮುಂದೆ ಭಯವಿಲ್ಲ ಎಂಬುದು ನಂಬಿಕೆ. ಪಾದ ಬೀಳುವವರೆಗೆ ಹೆಣ ಎತ್ತುವುದಿಲ್ಲ.

ಸತ್ತವನು ಗಾಡಿ ಹೊಡೆಯುವ ಮರುಳಪ್ಪ. ಕೊಟ್ರಯ್ಯ ಚಿಕ್ಕವನಿದ್ದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದವನು. ಮಣೆಯ ಮೇಲೆ ನಿಂತು ಕೆಳಗೆ ನೋಡಿದರೆ ಅದೇ ತಲೆ. ಆಗ ಕೊಟ್ರಯ್ಯನಿಗೆ ಒಂದು ಮಾತು ಹೊಳೆಯಿತು, ಹೊಳೆದದ್ದು ಮತ್ತೆ ಮರೆಯಾಗಲಿಲ್ಲ. ಶಿವ ಇದ್ದರೆ ಇದು ಶಿವನ ಪಾದ. ಶಿವ ಇಲ್ಲದಿದ್ದರೆ? ಇಲ್ಲದಿದ್ದರೆ ಇದು ದರ್ಜಿಯ ಕಾಲು. ಹಗಲೆಲ್ಲ ಮಿಷನ್ ತುಳಿಯುವ ಕಾಲು ಈಗ ಒಬ್ಬ ಒಳ್ಳೆಯ ಮನುಷ್ಯನ ತಲೆಯನ್ನು ತುಳಿಯಲು ಹೊರಟಿದೆ.

ಕಾಲು ಮೇಲೆದ್ದಿತು, ಇಳಿಯಿತು, ತಲೆಗೆ ಒಂದು ಬೆರಳಿನಷ್ಟು ಅಂತರವಿರುವಾಗ ನಿಂತುಬಿಟ್ಟಿತು. ಅವನು ಬೇಕೆಂದು ನಿಲ್ಲಿಸಿದ್ದಲ್ಲ. ಹೂವಿನ ರಾಶಿಯಲ್ಲಿ ಪಾದ ಹುದುಗಿತ್ತು, ಸುತ್ತಲಿನವರೆಲ್ಲ ತಲೆಬಾಗಿ ಕಣ್ಣು ಮುಚ್ಚಿದ್ದರು. ಮಂತ್ರ ಮುಗಿಯುವವರೆಗೆ ಅವನು ಹಾಗೇ ಒಂಟಿಕಾಲಿನಲ್ಲಿ, ಬೆತ್ತದ ಮೇಲೆ ಭಾರ ಹಾಕಿ ನಿಂತ. ಆಮೇಲೆ ಕಾಲು ತೆಗೆದ. ಯಾರಿಗೂ ಏನೂ ತಿಳಿಯಲಿಲ್ಲ. ಮರುಳಪ್ಪನ ಹೆಂಡತಿ ಅವನ ಪಾದ ಹಿಡಿದು ಅತ್ತು, ಇನ್ನು ನನಗೆ ಚಿಂತೆಯಿಲ್ಲ ಎಂದಳು.

ಅಲ್ಲಿಂದ ಅದೇ ಅಭ್ಯಾಸವಾಯಿತು. ಮಿಷನ್ ತುಳಿದು ಪಳಗಿದ ಕಾಲು. ಎಷ್ಟು ಹೊತ್ತು ಬೇಕಾದರೂ ಅಲುಗದೆ ನಿಲ್ಲುತ್ತಿತ್ತು. ಅಯ್ನೋರ ಪಾದ ಕಲ್ಲಿನಲ್ಲಿ ಕೆತ್ತಿಟ್ಟ ಹಾಗೆ ಇರುತ್ತದೆ ಎಂದು ಜನ ಹೊಗಳಿದರು. ತಾನು ಮಾಡುತ್ತಿರುವುದು ಪ್ರಾಮಾಣಿಕತನ ಎಂದೇ ಕೊಟ್ರಯ್ಯ ತಿಳಿದಿದ್ದ. ನಂಬದ ಪಾದವನ್ನು ಸತ್ತವರ ಮೇಲೆ ಹೇರಲಿಲ್ಲವಲ್ಲ, ಅಷ್ಟಾದರೂ ತನ್ನ ಕೈ ಶುದ್ಧ ಎನ್ನುವುದು ಅವನ ಸಮಾಧಾನ. ನೋಡಿ ಮನುಷ್ಯನ ಬುದ್ಧಿ ಹೇಗಿರುತ್ತದೆ: ಗಿರಾಕಿಯ ಬಟ್ಟೆಯಲ್ಲಿ ಒಂದು ಬೆರಳು ಉಳಿಸಿಕೊಳ್ಳದ ದರ್ಜಿ, ಸತ್ತವರ ಲೆಕ್ಕದಲ್ಲಿ ಒಂದು ಬೆರಳು ಉಳಿಸಿಕೊಂಡು ಅದನ್ನು ಪ್ರಾಮಾಣಿಕತನ ಎಂದ!

ಸಮಾಧಾನ ಬಹಳ ಕಾಲ ಬಾಳಲಿಲ್ಲ. ಮಹೇಶ್ವರಪ್ಪನ ತಾಯಿ ಕೊಟ್ರಮ್ಮ ಮುಪ್ಪಿನಲ್ಲಿ ಹಾಸಿಗೆ ಹಿಡಿದಳು. ಊರಿಗೆಲ್ಲ ದೊಡ್ಡಮ್ಮನಾಗಿದ್ದವಳು, ಸಾಯಲು ಹೆದರುತ್ತಿದ್ದಳು. ಕೊಟ್ರಯ್ಯ ನೋಡಲು ಹೋದಾಗಲೆಲ್ಲ ಅವನ ಪಾದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಇದು ತಲೆ ಮೇಲೆ ಬೀಳುತ್ತದಲ್ಲ, ಹಾಗಾದರೆ ಹೆದರಿಕೆ ಇಲ್ಲ ಬಿಡು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆಕೆ ಹೋದ ದಿನ ಕೊಟ್ರಯ್ಯ ಮುಟ್ಟಿಸಬೇಕೆಂದೇ ಮಣೆ ಹತ್ತಿದ. ಆಗಲಿಲ್ಲ. ನಂಬಿ ಕಾದ ಆ ತಲೆಯ ಮೇಲೆ ತನ್ನ ಸುಳ್ಳು ಕಾಲನ್ನು ಊರುವುದು ಮೊದಲಿಗಿಂತಲೂ ದೊಡ್ಡ ಪಾಪವಾಗಿ ಕಂಡಿತು. ಮಹೇಶ್ವರಪ್ಪ, ಅಷ್ಟು ದೊಡ್ಡ ಮನುಷ್ಯ, ಅಂಗಳದಲ್ಲಿ ಉದ್ದಕ್ಕೆ ಬಿದ್ದು ಅವನಿಗೆ ನಮಸ್ಕಾರ ಮಾಡಿದ. ಅವತ್ತು ಕೊಟ್ರಯ್ಯ ಊಟ ಮಾಡಲಿಲ್ಲ.

ಬಿಟ್ಟು ಹೋಗಿಬಿಡಬೇಕು ಎಂದು ತೀರ್ಮಾನಿಸಿದ. ಅನ್ನಪೂರ್ಣಮ್ಮನ ಅಣ್ಣ ಚನ್ನಗಿರಿ ಪೇಟೆಯಲ್ಲಿ ಒಂದು ಮಳಿಗೆ ನೋಡಿದ್ದ. ಬಂದು ಅಂಗಡಿ ಇಡಿ, ಅಯ್ಯತನಕ್ಕೆ ದಾಯಾದಿಗಳ ಮನೆಯಿಂದ ಯಾರಾದರೂ ಸಿಗುತ್ತಾರೆ ಎಂದು ಹೇಳಿ ಕಳಿಸಿದ್ದ. ಕೊಟ್ರಯ್ಯ ತಾಯಿಯ ಮುಂದೆ ಮೆಲ್ಲಗೆ ಮಾತೆತ್ತಿದ. ಸಿದ್ದಲಿಂಗಮ್ಮ ಜೋಳ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. ನೀವು ಹೋಗ್ರಿ, ನಾನು ಇಲ್ಲೇ ಇರ್ತೀನಿ ಎಂದಳು. ಒಂಟಿ ಮುದುಕಿಯನ್ನು ಬಿಟ್ಟು ಹೋಗುವುದಾದರೂ ಹೇಗೆ? ಚನ್ನಗಿರಿಯ ಮಾತು ಅಲ್ಲಿಗೆ ನಿಂತಿತು. ಅನ್ನಪೂರ್ಣಮ್ಮ ಎರಡು ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡು ಸುಮ್ಮನಾದಳು.

ಯುದ್ಧದ ಕಾಲ ಬಂತು. ಬಟ್ಟೆಗೆ ಕಂಟ್ರೋಲು ಬಿತ್ತು. ಹೊಸ ಬಟ್ಟೆ ಹೊಲಿಸುವವರಿಲ್ಲದೆ ಹಳೆಯದನ್ನು ತಿರುವಿ ಹಾಕಿ ಹೊಲಿಯುವುದೇ ಕೊಟ್ರಯ್ಯನ ಕೆಲಸವಾಯಿತು. ಅಂಥ ಒಂದು ಮಧ್ಯಾಹ್ನ ಜಗಲಿಯ ಮೇಲೆ ಮಿಷನ್ ತುಳಿಯುತ್ತಿದ್ದಾಗ ನಡುಮನೆಯಿಂದ ತಾಯಿ ಕರೆದಳು. ಆಕೆಗೆ ಕಾಲು ಬಾತು, ಏಳಲಾಗದೆ ಬಹಳ ದಿನವಾಗಿತ್ತು. ಹೊನ್ನಾಳಿಯ ಡಾಕ್ಟರು ನೋಡಿ, ವಯಸ್ಸಾಯಿತು ಎಂದು ಮಾತ್ರ ಹೇಳಿ ಹೋಗಿದ್ದರು.

ಅವನು ಹೋಗಿ ಪಕ್ಕದಲ್ಲಿ ಕೂತ. ಆಕೆ ಬಹಳ ವರ್ಷಗಳ ಮೇಲೆ ಹಳೆಯ ಹೆಸರಿನಿಂದ ಕರೆದಿದ್ದಳು ಎಂಬುದು ಅವನಿಗೆ ಆಮೇಲೆ ಹೊಳೆಯಿತು.

"ಕೊಟ್ರಾ, ನನಗೆ ಪಾದ ಇಡಾಕೆ ಸಾಸ್ವೆಹಳ್ಳಿ ಅಯ್ಯನ್ನ ಕರೆಸಬ್ಯಾಡ. ನೀನೇ ಇಡು."

ಅಯ್ಯನ ಮನೆಯಲ್ಲಿ ಸಾವಾದರೆ ಪಕ್ಕದ ಊರಿನ ಅಯ್ಯ ಬರುವುದು ರೂಢಿ. ಹಾಲಯ್ಯ ಹೋದಾಗಲೂ ಸಾಸ್ವೆಹಳ್ಳಿಯವರೇ ಬಂದಿದ್ದರು. ಅದನ್ನೇ ಕೊಟ್ರಯ್ಯ ಹೇಳಿದ. ಮಗ ತಾಯಿಯ ತಲೆಯ ಮೇಲೆ ಕಾಲಿಡುವುದು ಸರಿ ಕಾಣುವುದಿಲ್ಲ ಎಂದ.

"ಇಟ್ಟರೆ ಮುಟ್ಟಿಸಿ ಇಡು" ಎಂದಳು ಸಿದ್ದಲಿಂಗಮ್ಮ. "ಕೊಟ್ರಮ್ಮಗೆ ಮಾಡಿದಂಗೆ ಮಾಡಬ್ಯಾಡ."

ಆಕೆ ನಿಧಾನವಾಗಿ, ಅಡಿಗೆ ಮಾಡುವುದನ್ನು ಸೊಸೆಗೆ ಹೇಳಿಕೊಡುವ ಹಾಗೆ, ಎಲ್ಲವನ್ನೂ ಹೇಳಿದಳು. ಮಾವನ ಪಾದ ನೋಡಿದ್ದೇನೆ, ಗಂಡನ ಪಾದ ನೋಡಿದ್ದೇನೆ, ಹಾಲಯ್ಯನ ಪಾದ ನೋಡಿದ್ದೇನೆ. ಅಯ್ಯ ಕಾಲು ತೆಗೆದ ಮೇಲೆ ತಲೆಯ ಮೇಲಿನ ಹೂವು ಅಪ್ಪಚ್ಚಿಯಾಗಿ, ಪಾದದಷ್ಟು ಜಾಗ ತಗ್ಗು ಬಿದ್ದಿರುತ್ತದೆ. ಕೊಟ್ರಮ್ಮನ ತಲೆಯ ಮೇಲೆ ಹೂವು ಹಾಕಿದವಳು ನಾನೇ. ನೀನು ಕಾಲು ತೆಗೆದ ಮೇಲೆ ಹೂವು ಕೆದರಿತ್ತೇ ಹೊರತು ಅಪ್ಪಚ್ಚಿಯಾಗಿರಲಿಲ್ಲ. ಯಾರಾದರೂ ನೋಡಿಬಿಟ್ಟಾರು ಎಂದು ಸೆರಗಿನ ಮರೆಯಲ್ಲಿ ಕೈಯಿಟ್ಟು ನಾನೇ ಅದುಮಿದೆ. ಆಮೇಲಿನ ಸಾವುಗಳಲ್ಲೂ ಅಷ್ಟೇ.

ಕೊಟ್ರಯ್ಯನ ಬಾಯಿಂದ ಆಗ, ಎಷ್ಟೋ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡ ಮಾತು ಬಿದ್ದುಹೋಯಿತು. "ನನಗೆ ನಂಬಿಕೆ ಇಲ್ಲವ್ವಾ. ಜಗಳೂರಾಗೆ ಇದ್ದಾಗಲೇ ಹೋತು. ಮತ್ತೆ ಬರಲೇ ಇಲ್ಲ."

ಹೇಳಿ, ಮನೆ ಬೀಳುತ್ತದೇನೋ ಎನ್ನುವ ಹಾಗೆ ಕಾದ. ಸಿದ್ದಲಿಂಗಮ್ಮ ನೀರು ಕೇಳಿದಳು. ಕುಡಿಸಿದ. ನೀನು ಲಿಂಗ ಹಿಡಿದು ಕೂತದ್ದನ್ನು ನೋಡಿದರೆ ತಿಳಿಯುತ್ತದೆ, ಹೆತ್ತವಳಿಗೆ ಅಷ್ಟು ತಿಳಿಯುವುದಿಲ್ಲವೇ ಎಂದಳು. ಮಠದಲ್ಲಿ ನೀನು ಒಲ್ಲೆ ಒಲ್ಲೆ ಎಂದಾಗಲೇ ಇದು ಬರೀ ಮರ್ಯಾದೆಯ ಮಾತಲ್ಲ ಎನ್ನಿಸಿತ್ತು. ಮಗ ಊರಿಗೆ ಬಂದರೆ ಸಾಕು ಎನ್ನುವ ಆಸೆಯಲ್ಲಿ ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು ಎಂದಳು.

"ನಂಬಿಕೆ ಬರದೇ ಇರೋದು ನಿನ್ನ ತಪ್ಪಲ್ಲ. ಅದು ಕರೆದ್ರೆ ಬರೋದಲ್ಲ. ಮುಟ್ಟದೇ ಇರೋದು ತಪ್ಪು. ಆ ಜನ ಶಿವನ್ನ ನೋಡ್ಯಾರಾ? ನಿನ್ನ ನೋಡ್ಯಾರೆ. ನಮ್ಮವರ ತಲಿ ಮುಟ್ಟಿ ಕಳಿಸ್ತಾನೆ ಅಂತ ನಂಬ್ಯಾರೆ. ನೀನು ನಿನ್ನ ಕಾಲು ಶುದ್ಧ ಇಟ್ಕೊಳ್ಳಾಕೆ ಅವರನ್ನ ಹಂಗೇ ಬಿಟ್ಟು ಬಂದಿ."

ಈ ಮಾತು ಕೊಟ್ರಯ್ಯನಿಗೆ ನಾಟಿತು. ಇಷ್ಟು ವರ್ಷ ಅವನು ಶಿವ ಇದ್ದಾನೋ ಇಲ್ಲವೋ ಎಂದು ತೂಗಿದ್ದ, ತಾನು ಸುಳ್ಳನೋ ಸಾಚಾನೋ ಎಂದು ತೂಗಿದ್ದ. ಕೆಳಗೆ ಕೂತಿದ್ದ ಮರುಳಪ್ಪ, ಕೊಟ್ರಮ್ಮ ಆ ತಕ್ಕಡಿಯಲ್ಲಿ ಇರಲೇ ಇಲ್ಲ. ಹೋಗಿ ಮಹೇಶ್ವರಪ್ಪನಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಎದ್ದ. ಆಕೆ ಅವನ ಪಂಚೆಯ ಚುಂಗು ಹಿಡಿದು ಕೂರಿಸಿದಳು. ಹೇಳಿದರೆ ನಿನ್ನ ಎದೆ ಹಗುರವಾಗುತ್ತದೆ, ಅವನದು ಸಾಯುವವರೆಗೂ ಭಾರವಾಗುತ್ತದೆ, ಆ ಭಾರ ನೀನೇ ಹೊತ್ತುಕೋ ಎಂದಳು.

ಅವನು ಕೊನೆಗೆ, ಇನ್ನು ಯಾರ ತಲೆಯಾದರೂ ಮುಟ್ಟಿಯೇನು, ನಿನ್ನ ತಲೆ ಮಾತ್ರ ಆಗುವುದಿಲ್ಲ ಎಂದ. ಶಿವನ ಪಾದ ಎಂದು ನನಗೆ ಅನ್ನಿಸದಿದ್ದರೆ ಅದು ನನ್ನ ಕಾಲು. ಹೆತ್ತ ತಾಯಿಯ ತಲೆಯ ಮೇಲೆ ನನ್ನ ಕಾಲು ಹೇಗೆ ಇಡಲಿ ಎಂದ.

ಸಿದ್ದಲಿಂಗಮ್ಮನ ಮುಖದಲ್ಲಿ ಸಣ್ಣ ನಗು ಬಂತು. "ನಿನ್ನ ಕಾಲೇ ಇಡಪ್ಪ. ಶಿವಂದು ಬಂದ್ರೆ ಬರಲಿ, ಬರದಿದ್ರೆ ಬಿಡಲಿ. ಹೊಟ್ಟೆಯಾಗೆ ಇದ್ದಾಗ ಒದ್ದಿದ್ದು ಇದೇ ಕಾಲಲ್ಲಾ? ಅವಾಗ ಬ್ಯಾಡ ಅನ್ನಿಸಲಿಲ್ಲ. ಇವಾಗ ಯಾಕೆ ಬ್ಯಾಡ ಅಂತೀನಿ?"

ಆಮೇಲೆ ಆಕೆ ಹೆಚ್ಚು ಮಾತಾಡಲಿಲ್ಲ. ನಿದ್ದೆ ಹೆಚ್ಚಾಯಿತು, ಊಟ ಕಡಿಮೆಯಾಯಿತು. ಒಂದು ಸೋಮವಾರ ಬೆಳಿಗ್ಗೆ, ಅನ್ನಪೂರ್ಣಮ್ಮ ಗಂಜಿ ಆರಿಸಿಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಮಹೇಶ್ವರಪ್ಪ ಊರ ಹಿರಿಯನಾಗಿ ಮಾಡಬೇಕಾದ್ದನ್ನು ತಾನಾಗಿಯೇ ಮಾಡಿದ. ಯಾರನ್ನೂ ಕೇಳದೆ ಸಾಸ್ವೆಹಳ್ಳಿಗೆ ಗಾಡಿ ಕಳಿಸಿ ಅಲ್ಲಿನ ಅಯ್ಯನನ್ನು ಕರೆಸಿದ. ಮೀಯಿಸಿ, ವಿಭೂತಿ ಹಚ್ಚಿ, ಸಿದ್ದಲಿಂಗಮ್ಮನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಅನ್ನಪೂರ್ಣಮ್ಮ ಅತ್ತೆಯ ತಲೆಯ ಮೇಲೆ ಪತ್ರೆ ಹಾಕಿ, ಮಲ್ಲಿಗೆ ಬಿಡಿಸಿ ಹಾಕುತ್ತಿದ್ದಳು. ಸಾಸ್ವೆಹಳ್ಳಿಯ ಅಯ್ಯ ಕಾಲು ತೊಳೆದು ಒಳಗೆ ಬಂದಾಗ ಕೊಟ್ರಯ್ಯ ಮಣೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತಿದ್ದ. ಅವ್ವ ನನಗೇ ಪಾದ ಇಡಲು ಹೇಳಿದ್ದಾಳೆ ಎಂದು ಕೈಮುಗಿದು ಕೇಳಿಕೊಂಡ. ಆ ಅಯ್ಯ ತಿಳಿದವರು; ತಾಯಿಯ ಮಾತಿಗೆ ಅಡ್ಡ ಬರುವುದಿಲ್ಲ ಎಂದು ಹಿಂದೆ ಸರಿದರು. ಒಪ್ಪದವನು ಮಹೇಶ್ವರಪ್ಪ. ಅವನು ಕೊಟ್ರಯ್ಯನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಅಯ್ಯತನ ಏನೇ ಇರಲಿ, ಮಗನ ಕಾಲು ತಾಯಿಯ ತಲೆಯ ಮೇಲೆ ಬೀಳುವುದನ್ನು ನಾಲ್ಕು ಜನ ನೋಡಲಾಗುವುದಿಲ್ಲ, ನಾಳೆ ಆಡಿಕೊಳ್ಳುತ್ತಾರೆ ಎಂದ.

"ಆಡಿಕೊಳ್ಳಲಿ ಬಿಡ್ರಿ" ಎಂದ ಕೊಟ್ರಯ್ಯ. ಅವನು ಮಹೇಶ್ವರಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಮಣೆ ಹತ್ತಿದ. ಕೆಳಗೆ ನೋಡಿದ. ಮಲ್ಲಿಗೆಯ ನಡುವೆ ಒಂದು ಕಡೆ ನರೆತ ಬೈತಲೆ ಕಾಣುತ್ತಿತ್ತು. ಸುತ್ತ ನಿಂತವರು ಎಂದಿನಂತೆ ತಲೆಬಾಗಿ ಕಣ್ಣು ಮುಚ್ಚಿದರು. ಕಾಲು ಎತ್ತಿದ, ಇಳಿಸಿದ, ಒಂದು ಬೆರಳು ಉಳಿದಿರುವಾಗ ಕಾಲು ಅಭ್ಯಾಸದಂತೆ ತಾನಾಗಿಯೇ ನಿಂತಿತು. ಅವನು ಕಣ್ಣು ಮುಚ್ಚಿ ಶಿವನನ್ನು ಕರೆದು ನೋಡಿದ; ಏನೂ ಬರಲಿಲ್ಲ. ಆಗ ಅವ್ವಾ ಎಂದು ಮನಸ್ಸಿನಲ್ಲೇ ಕರೆದು, ಕಾಲನ್ನು ಕೆಳಕ್ಕೆ ಬಿಟ್ಟ.

ಹೂವು ಮೆತ್ತಗೆ ಕುಸಿಯಿತು. ಅಂಗಾಲಿಗೆ ಮೊದಲು ತಣ್ಣಗಿನ ಕೂದಲು, ಆಮೇಲೆ ಗಟ್ಟಿ ತಲೆಬುರುಡೆ ಸಿಕ್ಕಿತು. ಅಷ್ಟು ಸಣ್ಣ ತಲೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಗುತ್ತದೆ ಎಂದು ಹೆದರಿದ್ದ, ಆಗಲಿಲ್ಲ. ಅವ್ವನ ತಲೆಯನ್ನು ಮುಟ್ಟಿದ್ದೇನೆ, ಇನ್ನೊಂದು ಸಲ ಮುಟ್ಟಲು ಇದು ಇರುವುದಿಲ್ಲ ಎಂದು ಮಾತ್ರ ಗೊತ್ತಾಯಿತು. ಕಾಲಿನ ಭಾರವನ್ನು ಪೂರ್ತಿ ಬಿಟ್ಟು, ಒಂದಕ್ಷರವೂ ಅವಸರ ಮಾಡದೆ ಮಂತ್ರ ಹೇಳಿ ಮುಗಿಸಿದ. ಕಾಲು ತೆಗೆದಾಗ, ಅತ್ತೆ ಹೂವು ಅದುಮುವುದನ್ನು ಕಂಡಿದ್ದ ಅನ್ನಪೂರ್ಣಮ್ಮ ಎದ್ದು ಬಂದು ಹೂವಿನಲ್ಲಿ ಬಿದ್ದ ತಗ್ಗನ್ನು ನೋಡಿ, ಹಾಗೇ ಬಿಟ್ಟಳು.

ಮಣೆಯಿಂದ ಇಳಿದ ಕೊಟ್ರಯ್ಯ ಬೆತ್ತವನ್ನು ಗೋಡೆಗೆ ಆನಿಸಿ, ಜಗಲಿಗೆ ಬಂದು, ಮಿಷನ್ನಿನ ಪಕ್ಕದಲ್ಲಿ ಕುಸಿದು ಕೂತು ಬಾಯಿಬಿಟ್ಟು ಅಳತೊಡಗಿದ. ಜನರಿಗೆ ದಿಕ್ಕು ತೋಚಲಿಲ್ಲ. ಪಾದವಿಟ್ಟ ಅಯ್ಯ ಅಳಬಾರದು; ಶಿವನ ಮನೆಗೆ ಕಳಿಸಿದವನೇ ಅತ್ತರೆ ಉಳಿದವರಿಗೆ ಧೈರ್ಯ ಹೇಳುವವರು ಯಾರು? ಮಹೇಶ್ವರಪ್ಪ ಬಗ್ಗಿ ಅವನ ಹೆಗಲು ಮುಟ್ಟಿ, ಅಯ್ನೋರು ಅಳಬಾರದು, ಏಳಬೇಕು ಎಂದು ಎಬ್ಬಿಸಲು ನೋಡಿದ.

"ಬಿಡ್ರಿ ಯಜಮಾನ್ರೇ, ಅಳ್ಲಿ" ಎಂದಳು ಬಾಗಿಲಲ್ಲಿ ನಿಂತ ಅನ್ನಪೂರ್ಣಮ್ಮ. "ಅವರ ತಾಯಿ ಹೋಗ್ಯಾರೆ."

ಮಹೇಶ್ವರಪ್ಪ ಕೈ ತೆಗೆದ. ಹೆಣ ಎತ್ತುವವರು ಅಂಗಳದಲ್ಲಿ ಕಾಯುತ್ತಿದ್ದರು. ಅವರಿಗೆ ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿ, ತಾನೂ ಜಗಲಿಯ ಮೇಲೆ ಕೊಟ್ರಯ್ಯನ ಪಕ್ಕದಲ್ಲಿ ಕೂತುಕೊಂಡ.